ಡಯಾಲಿಸಿಸ್‌ಗೆ ಮುಂಚಿನ ಎರಡು ವರ್ಷ: ಕಾಣಕೋಣದ ಒಳಹಳ್ಳಿಯವರಿಗೆ ಒಂದು ಹಾಳೆಯಲ್ಲಿ ಏನು ಬರೆಯಬೇಕು?

ಕಾಣಕೋಣ_ಕ್ಷೇತ್ರ:
ಗೋವಾದ ಕಾಣಕೋಣ ತಾಲೂಕಿನ ಒಳಹಳ್ಳಿಗಳಲ್ಲಿರುವ ಕನ್ನಡದ ಕೂಲಿಯವರಿಗಾಗಿ ಒಂದು ಹಾಳೆ ತಯಾರಾಗುತ್ತಿದೆ. ಎರಡೂ ಬದಿ, ಅದಕ್ಕಿಂತ ಹೆಚ್ಚಿಲ್ಲ. ಓದುವವರು ಗದಗ, ಬಾಗಲಕೋಟೆ, ಹಾವೇರಿ ಕಡೆಯವರು. ಕಿಡ್ನಿ ಅರ್ಧಕ್ಕಿಂತ ಕೆಳಗಿಳಿದಿದೆ, ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ. ಬಾಂಬೋಳಿಯ ಮೆಡಿಕಲ್ ಕಾಲೇಜಿಗೆ ಹೋಗಿಬಂದರೆ ಒಂದು ದಿನದ ಕೂಲಿ ಖೋತಾ, ಮಳೆಗಾಲದಲ್ಲಿ ಬಸ್ಸನ್ನು ನೆಚ್ಚುವಂತಿಲ್ಲ. ಕರಡಿನಲ್ಲಿ ಸದ್ಯಕ್ಕೆ ಇರುವುದು ಇಷ್ಟು: "ಉಪ್ಪು ಕಡಿಮೆ ಮಾಡಿ. ನೀರು ಹೆಚ್ಚು ಕುಡಿಯಿರಿ. ಮೂರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ ನೋಡಿಸಿ. 5 ದಾಟಿದರೆ ಡಯಾಲಿಸಿಸ್." ದಯವಿಟ್ಟು ತಿದ್ದಿ.

ಮೂತ್ರಕೋಶವಲ್ಲ_ಮೂತ್ರಪಿಂಡ:
ನಾಲ್ಕು ವಾಕ್ಯದಲ್ಲಿ ಎರಡೂವರೆ ತಪ್ಪು. ಕೊನೆಯದನ್ನು ಮೊದಲು ತೆಗೆಯಿರಿ. ಕ್ರಿಯಾಟಿನಿನ್ ಎಂದರೆ ಸ್ನಾಯುವಿನಿಂದ ರಕ್ತಕ್ಕೆ ಬಂದು ಕಿಡ್ನಿ ಹೊರಹಾಕುವ ಕಸ. ಅದರ ಅಂಕಿಯೊಂದನ್ನೇ ಹಿಡಿದು ಹೇಳುವುದರಲ್ಲಿ ಅರ್ಥವಿಲ್ಲ. 1.4 ಎಂಬ ಅಂಕಿಯನ್ನೇ ನೋಡಿ. 25 ವರ್ಷದ ಹುಡುಗನಿಗೆ 1.4 ಇದ್ದರೆ 2021ರ ಸಿಕೆಡಿ-ಎಪಿಐ ಸೂತ್ರದಲ್ಲಿ ಇಜಿಎಫ್‌ಆರ್ (ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತದೆ ಎಂಬ ಅಂದಾಜು) ಸುಮಾರು 71. ಅದೇ 1.4 ಇರುವ 60 ವರ್ಷದ ಹೆಂಗಸಿಗೆ ಸುಮಾರು 43. ಇಬ್ಬರ ರಿಪೋರ್ಟಿನಲ್ಲೂ ಆ ಅಂಕಿಯ ಪಕ್ಕ ಸಣ್ಣದೊಂದು ಬಾಣದ ಗುರುತು, ಅಷ್ಟೇ. ಹೆಂಗಸಿಗೆ "ಸ್ವಲ್ಪ ಜಾಸ್ತಿ ಇದೆ" ಎಂದು ಹೇಳಿ ಕಳಿಸುತ್ತಾರೆ. ಆಕೆ ಆಗಲೇ ಕಿಡ್ನಿ ರೋಗದ ಐದು ಹಂತಗಳಲ್ಲಿ ಮೂರನೆಯದರ ಕೆಳ ಅರ್ಧದಲ್ಲಿ, ಅಂದರೆ 30ರಿಂದ 44ರೊಳಗೆ, ಇದ್ದಾಳೆ. 15ರಿಂದ 29 ನಾಲ್ಕನೇ ಹಂತ, 15ಕ್ಕಿಂತ ಕೆಳಗೆ ಐದನೆಯದು.

ಹಾಳೆಯಲ್ಲಿ ಇಜಿಎಫ್‌ಆರ್ ಬರೆದುಕೊಳ್ಳಲು ಖಾಲಿ ಪಟ್ಟಿ ಇರಲಿ. ಒಂದು ಅಂಕಿಗಿಂತ ಇಳಿಜಾರು ಮುಖ್ಯ. ಜನವರಿಯಲ್ಲಿ 41, ಜೂನ್‌ನಲ್ಲಿ 37, ಡಿಸೆಂಬರ್‌ನಲ್ಲಿ 33 ಬಂದರೆ ವರ್ಷಕ್ಕೆ 8 ಇಳಿಯುತ್ತಿದೆ. 5ಕ್ಕಿಂತ ಹೆಚ್ಚು ಇಳಿದರೆ ಅದು ವೇಗದ ಇಳಿಕೆ. ಇದೇ ಓಟದಲ್ಲಿ ಹೋದರೆ 33ರಿಂದ 15ಕ್ಕೆ ಬರಲು ಎರಡು ವರ್ಷ ಮೂರು ತಿಂಗಳು. ಓಟ ಯಾವಾಗಲೂ ಒಂದೇ ಸಮ ಇರುವುದಿಲ್ಲ. ಒಂದು ಭೇದಿ, ನಾಲ್ಕು ನೋವಿನ ಇಂಜೆಕ್ಷನ್, ಸಾಕು: ಒಂದೇ ವಾರದಲ್ಲಿ ಒಂದು ವರ್ಷದ ಇಳಿಕೆ ಆಗಿಬಿಡುತ್ತದೆ.

ಪಿಪೆಟ್:
ಇಳಿಜಾರು ನೋಡುವುದಾದರೆ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ ಎಂದು ದಪ್ಪ ಅಕ್ಷರದಲ್ಲಿ ಹಾಕಿ. ಕ್ರಿಯಾಟಿನಿನ್ ಅಳೆಯಲು ಎರಡು ವಿಧಾನಗಳಿವೆ: ಯಾಫೆ ವಿಧಾನದ ಲ್ಯಾಬ್‌ನಿಂದ ಎಂಜೈಮ್ ವಿಧಾನದ ಲ್ಯಾಬ್‌ಗೆ ಹೋದರೆ ಕಿಡ್ನಿ ಇದ್ದಲ್ಲೇ ಇದ್ದರೂ ಅಂಕಿ ಬದಲಾಗಬಹುದು. ಹಿಂದಿನ ರಾತ್ರಿ ಮಟನ್ ಊಟವಾಗಿದ್ದರೆ ಕ್ರಿಯಾಟಿನಿನ್ ತಾತ್ಕಾಲಿಕವಾಗಿ ಏರುತ್ತದೆ. ತೀರ ಸೊರಗಿದವರಲ್ಲಿ ಸ್ನಾಯು ಕಡಿಮೆ, ಹಾಗಾಗಿ ಕ್ರಿಯಾಟಿನಿನ್ ಕಡಿಮೆ ಬಂದು ಕಿಡ್ನಿ ಇರುವುದಕ್ಕಿಂತ ಚೆನ್ನಾಗಿ ಕಾಣಿಸುತ್ತದೆ. ಅಂಥವರಿಗೆ ಸಾಧ್ಯವಿದ್ದರೆ ಸಿಸ್ಟಾಟಿನ್ ಸಿ, ಅದು ಸ್ನಾಯುವನ್ನು ಅಷ್ಟಾಗಿ ನೆಚ್ಚದ ರಕ್ತಪರೀಕ್ಷೆ.

ಹಳ್ಳಿ ಶಿಬಿರ ಮಾಡುವವರಿಗೆ ಇನ್ನೊಂದು ಮಾತು. ರಕ್ತ ತೆಗೆದು, ತಿರುಗಿಸದೆ ಹಾಗೇ ಐಸ್ ಡಬ್ಬಿಯಲ್ಲಿಟ್ಟು ಸಂಜೆ ಮಡಗಾಂವ್‌ಗೆ ಕಳಿಸಿದರೆ ಪೊಟ್ಯಾಶಿಯಂ 6ರ ಮೇಲೆ ಬರುವುದು ಮಾಮೂಲು. ರೋಗಿಗೆ ಏನೂ ಆಗಿರುವುದಿಲ್ಲ. ತಣ್ಣಗಾದಾಗ ಕೆಂಪುಕಣದ ಪಂಪು ನಿಂತು ಒಳಗಿನ ಪೊಟ್ಯಾಶಿಯಂ ಹೊರಗೆ ಸೋರುತ್ತದೆ. ಹಳದಿ ಮುಚ್ಚಳದ ಜೆಲ್ ಟ್ಯೂಬ್‌ನಲ್ಲಿ ತೆಗೆಯಿರಿ, ಅರ್ಧ ಗಂಟೆ ಹೆಪ್ಪುಗಟ್ಟಲು ಬಿಡಿ, ಎರಡು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡಿ, ಆಮೇಲೆ ತಂಪುಡಬ್ಬಿಗೆ ಹಾಕಿ. ನರ ಸಿಗಲಿ ಎಂದು ಮುಷ್ಟಿ ಬಿಗಿದು ಬಿಡಿಸಿ ಮಾಡಿಸಬೇಡಿ, ಅದರಿಂದಲೂ ಪೊಟ್ಯಾಶಿಯಂ ಏರುತ್ತದೆ.

ಅರಬ್ಬೀಗಾಳಿ:
ಮೂತ್ರದಲ್ಲಿ ನೊರೆ ಬಂದರೆ ಮಾತ್ರ ಎಸಿಆರ್ (ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಎಷ್ಟಿದೆ ಎಂಬ ಪರೀಕ್ಷೆ) ಮಾಡಿಸಬೇಕಾ?

ಪಿಪೆಟ್:
ನೊರೆ ಕಾಯಬೇಡಿ. ಪಟ್ಟಿ ಅದ್ದುವ ಪರೀಕ್ಷೆಗೂ ಸಣ್ಣ ಪ್ರಮಾಣದ ಅಲ್ಬುಮಿನ್ ಸಿಗುವುದಿಲ್ಲ. ಬೆಳಗಿನ ಮೊದಲ ಮೂತ್ರದಲ್ಲಿ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ನೋಡಿಸಿ: 30ರ ಕೆಳಗೆ ಸರಿ, 30ರಿಂದ 300 ಮಧ್ಯಮ, 300ರ ಮೇಲೆ ತೀವ್ರ. ಜ್ವರ ಇದ್ದಾಗ, ಮುಟ್ಟಿನ ದಿನಗಳಲ್ಲಿ, ದಿನವಿಡೀ ಮಣ್ಣು ಹೊತ್ತ ಮರುದಿನ ಬೇಡ. ಒಮ್ಮೆ ಹೆಚ್ಚು ಬಂದರೆ ಮೂರು ತಿಂಗಳೊಳಗೆ ಇನ್ನೊಮ್ಮೆ ನೋಡಿಯೇ ತೀರ್ಮಾನ.

ಮೂತ್ರಕೋಶವಲ್ಲ_ಮೂತ್ರಪಿಂಡ:
ಇದಕ್ಕೆ ಕಾಣಕೋಣದ್ದೇ ಒಂದು ತಿದ್ದುಪಡಿ ಬೇಕು. ಆಂಧ್ರದ ಉದ್ದಾನಂ, ಛತ್ತೀಸ್‌ಗಢದ ಸುಪೇಬೇಡಾದಂತೆ ಕಾಣಕೋಣದಲ್ಲೂ ಕಾರಣ ಗೊತ್ತಾಗದ ಕಿಡ್ನಿ ರೋಗ ವರದಿಯಾಗಿದೆ. ಸಕ್ಕರೆ ಇಲ್ಲ, ಬಿಪಿ ಶುರುವಿನಲ್ಲಿ ಸರಿಯೇ ಇರುತ್ತದೆ, ಮೂತ್ರದಲ್ಲಿ ಪ್ರೋಟೀನೂ ಹೆಚ್ಚಿಲ್ಲ, ಕಾಲು ಊದುವುದಿಲ್ಲ. ಸ್ಕ್ಯಾನ್ ಮಾಡಿದರೆ ಎರಡೂ ಕಿಡ್ನಿ ಚಿಕ್ಕದಾಗಿರುತ್ತವೆ. ಬಾವಿನೀರಿನ ಸಿಲಿಕಾ, ಸೀಸ, ಕೀಟನಾಶಕ, ಬಿಸಿಲಿನ ದುಡಿತ, ಎಲ್ಲದರ ಮೇಲೂ ಅನುಮಾನ ಇದೆ. ಕಾರಣ ಇನ್ನೂ ಪಕ್ಕಾ ಆಗಿಲ್ಲ. ಅದಕ್ಕೇ ಈ ತಾಲೂಕಿನಲ್ಲಿ "ಶುಗರ್ ಇಲ್ಲ, ಬಿಪಿ ಇಲ್ಲ, ಮೂತ್ರ ಕ್ಲೀನ್" ಎಂದು ಯಾರನ್ನೂ ಬಿಡುವ ಹಾಗಿಲ್ಲ. ಇಲ್ಲಿ ಮೂತ್ರಪರೀಕ್ಷೆ ಸುಳ್ಳು ಧೈರ್ಯ ಕೊಡುತ್ತದೆ, ರಕ್ತ ನೋಡಲೇಬೇಕು.

ಬೆಳ್ಳಿಸೂಜಿ:
ಡಯಾಲಿಸಿಸ್ ಮಷಿನ್ ಕಡಿಂದ ಹೇಳ್ತೀನಿ ನೋಡ್ರಿ. ನಿಮ್ಮ ಕರಡಿನ್ಯಾಗ ಕೈ ನರದ ಸುದ್ದಿನ ಇಲ್ಲ. ಡಯಾಲಿಸಿಸ್ ಆಗೂದ ನರದ (ರಕ್ತನಾಳದ) ಮ್ಯಾಲ. ಬಲಗೈ ಮಂದಿ ಎಡಗೈ ಕಾಯ್ಕೊಬೇಕು. ಇಜಿಎಫ್‌ಆರ್ 30ರ ಕೆಳಗ ಬಂದ ದಿನದಿಂದ ಆ ಕೈಗೆ ಮಣಿಕಟ್ಟಿನಿಂದ ಮ್ಯಾಲ ಸೂಜಿ ಬ್ಯಾಡ, ಸಲಾಯಿನ್ ಬ್ಯಾಡ. ರಕ್ತ ತಗೊಳ್ಳೂದಿದ್ರ ಅಂಗೈ ಹಿಂಭಾಗದಾಗ ತಗೊಳ್ರಿ. ಸಣ್ಣ ಕ್ಲಿನಿಕ್‌ನ್ಯಾಗ ಸುಸ್ತು ಅಂತ ಹೋದ್ರ ಒಂದು ಬಾಟ್ಲಿ ಏರಿಸಾಕ ಮೊದಲ ಹುಡುಕೂದ ಮಣಿಕಟ್ಟಿನ ಹೆಬ್ಬೆರಳ ಕಡಿ ನರ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಾಕ ಅಂತ ಕೈ ನರಾನ ಧಮನಿಗೆ ಜೋಡಸೂದು) ಮಾಡಾಕ ಸರ್ಜನ್‌ಗೆ ಬೇಕಾದದ್ದೂ ಅದ ನರ. ಮೂರು ಸಲ ಕ್ಯಾನುಲಾ ಹಾಕಿದ್ರ ಅದು ಹಗ್ಗದಂಗ ಗಟ್ಟಿ ಆಗಿ ಮುಚ್ಚಿ ಹೋಕ್ಕೈತಿ.

ಹಾಳಿಯೊಳಗ ಒಂದು ಕೈ ಚಿತ್ರ ಬರೀರಿ. ಅಂಗೈ ಹಿಂಭಾಗಕ್ಕ ಹಸಿರು, ಮಣಿಕಟ್ಟಿನಿಂದ ಮೊಣಕೈ ದಾಟೂತನ ಕೆಂಪು. ಓದಾಕ ಬರದವರೂ ಅದನ್ನ ಕಂಪೌಂಡರ್‌ಗೆ ತೋರಿಸಬಹುದು.

ಕಾಣಕೋಣ_ಕ್ಷೇತ್ರ:
ಕೈಚಿತ್ರ ಸೇರಿಸಿದೆ. ಫಿಸ್ಟುಲಾ ಯಾವಾಗ ಮಾಡಿಸಬೇಕು ಎಂದು ಬರೆಯಲಿ? ಎಲ್ಲರೂ ಇಜಿಎಫ್‌ಆರ್ 15 ಎನ್ನುತ್ತಾರೆ.

ಬೆಳ್ಳಿಸೂಜಿ:
15 ಪ್ಯಾಟಿಯವರ ಲೆಕ್ಕ. ಹಳ್ಳಿಗೆ ದೂರಾನೂ ಕೂಡಿಸ್ಬೇಕ್ರಿ. ನರದ ಡಾಪ್ಲರ್ ಸ್ಕ್ಯಾನ್‌ಗೆ ಒಂದು ಸಲ ಹೋಗೂದು, ಸರ್ಜನ್ ತಾರೀಖು ಕೊಡೂದು, ಆಪರೇಷನ್, ಹೊಲಿಗಿ ಬಿಚ್ಚಸೂದು. ಆಮ್ಯಾಲ ಬಲಿಯಾಕ ಕಡಿಮಿ ಅಂದ್ರ 6ರಿಂದ 8 ವಾರ, ಕೆಲವರಿಗೆ 3 ತಿಂಗಳು. ನಾವು ನೋಡೂದು ಆರರ ಲೆಕ್ಕ: 6 ವಾರಕ್ಕ ನರ 6 ಮಿಲಿಮೀಟರ್ ಅಗಲ ಆಗಿರ್ಬೇಕು, ಚರ್ಮದಿಂದ 6 ಮಿಲಿಮೀಟರ್‌ಗಿಂತ ಆಳ ಇರಬಾರ್ದು, ನಿಮಿಷಕ್ಕ 600 ಮಿಲಿಲೀಟರ್ ರಕ್ತ ಹರೀಬೇಕು. ಮೊದಲನೇದು ಎಲ್ಲಾರಿಗೂ ಬಲಿಯೂದಿಲ್ಲ. ಎರಡನೇದಕ್ಕ ಟೈಮ್ ಬೇಕ್ರಿ. ಇಲ್ಲಾಂದ್ರ ರಾತ್ರೋರಾತ್ರಿ ಉಸಿರು ಕಟ್ಟಿ ಬರ್ತಾರ, ಕುತ್ತಿಗಿಗೆ ಪೈಪ್ ಹಾಕ್ತಾರ, ಆ ಪೈಪಿಗೆ ನಂಜು. ವರ್ಷಕ್ಕ 5ಕ್ಕಿಂತ ಜಾಸ್ತಿ ಇಳಿಯೋ ಹಳ್ಳಿ ಮಂದಿಗೆ 25ಕ್ಕ ಮಾತು ಶುರು ಮಾಡ್ರಿ, 20ಕ್ಕ ಕೈ ಕೊಯ್ಸ್ರಿ.

ಮೂತ್ರಕೋಶವಲ್ಲ_ಮೂತ್ರಪಿಂಡ:
25ಕ್ಕೆ ಮಾತು, ಒಪ್ಪಿದೆ. 20ಕ್ಕೆ ಆಪರೇಷನ್ ವೇಗವಾಗಿ ಇಳಿಯುವವರಿಗಷ್ಟೇ ಇರಲಿ, ಎಲ್ಲರಿಗೂ ಎಂದು ಹಾಳೆಯಲ್ಲಿ ಬರಬಾರದು. 75 ದಾಟಿ, ವರ್ಷಕ್ಕೆ 1-2 ಮಾತ್ರ ಇಳಿಯುತ್ತಿರುವವರಿಗೆ ಡಯಾಲಿಸಿಸ್ ಬೇಕಾಗದೇ ಇರಬಹುದು. ಫಿಸ್ಟುಲಾ ಮಾಡಿದರೆ ಹೃದಯಕ್ಕೆ ಹೊರೆ, ಕೈಗೂ ಗಾಯ. ವಯಸ್ಸು, ಗಂಡೋ ಹೆಣ್ಣೋ, ಇಜಿಎಫ್‌ಆರ್, ಎಸಿಆರ್, ಈ ನಾಲ್ಕನ್ನು ಹಾಕಿದರೆ ಎರಡು ವರ್ಷದೊಳಗೆ ಕಿಡ್ನಿ ಕೈಕೊಡುವ ಸಾಧ್ಯತೆ ಹೇಳುವ ಲೆಕ್ಕ ಮೊಬೈಲಿನಲ್ಲೇ ಸಿಗುತ್ತದೆ. ಅದು ಶೇ. 40 ದಾಟಿದರೆ ಸಿದ್ಧತೆ. ದೂರದ ಹಳ್ಳಿಯಾದರೆ ಅಷ್ಟಕ್ಕೂ ಕಾಯುವುದು ಬೇಡ, ಆ ಮಟ್ಟಿಗೆ ನಿಮ್ಮ ಮಾತು ಸರಿ.

ಡಯಾಲಿಸಿಸ್ ಶುರು ಮಾಡುವುದು ಮಾತ್ರ ಅಂಕಿ ನೋಡಿ ಅಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಐಡಿಯಲ್ ಪ್ರಯೋಗದಲ್ಲಿ 828 ಜನರಿದ್ದರು. ಒಂದು ಗುಂಪಿಗೆ 10-14ರಲ್ಲೇ ಶುರು, ಇನ್ನೊಂದಕ್ಕೆ 5-7ರವರೆಗೆ ಕಾಯುವ ಯೋಜನೆ. ಬದುಕಿದ ಕಾಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ವಾಂತಿ, ಬಾಯಲ್ಲಿ ಲೋಹದ ರುಚಿ, ಔಷಧಿಗೆ ಬಗ್ಗದ ಊತ, ಮಲಗಿದರೆ ಉಸಿರುಕಟ್ಟು, ಬಿಡದ ಬಿಕ್ಕಳಿಕೆ, ಮಂಪರು, ಇಳಿಯದ ಪೊಟ್ಯಾಶಿಯಂ: ಇವು ಬಂದರೆ ಶುರು. ಆದರೆ ಅದೇ ಪ್ರಯೋಗದಲ್ಲಿ ಕಾಯುವ ಗುಂಪಿನ ಬಹುಪಾಲು ಜನ 7ಕ್ಕೆ ಇಳಿಯುವ ಮುಂಚೆಯೇ ತೊಂದರೆ ಕಾಣಿಸಿ ಶುರು ಮಾಡಬೇಕಾಯಿತು. ಕೂಗಿದರೆ ಆಸ್ಪತ್ರೆಗೆ ಕೇಳುವಷ್ಟು ಹತ್ತಿರ ಇರುವವರು ಕಾಯಬಹುದು, ಘಟ್ಟದ ಬುಡದಲ್ಲಿರುವವರು ಕಾಯುವುದಾದರೆ ಫಿಸ್ಟುಲಾ ಇಟ್ಟುಕೊಂಡೇ ಕಾಯಬೇಕು.

ಗುಳಿಗೆಡಬ್ಬಿ:
ಔಷಧಿ ಭಾಗ ನನಗಿರಲಿ. ಮೊದಲು ನೋವಿನ ಗುಳಿಗೆ: ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್. ಹೆಸರಷ್ಟೇ ಬರೆದರೆ ಸಾಲದು, ಇವು ಜೋಡಿ ಗುಳಿಗೆಗಳಲ್ಲಿ ಪ್ಯಾರಸಿಟಮಾಲ್ ಜೊತೆ ಸೇರಿಕೊಂಡು ಬರುತ್ತವೆ. "ಪಟ್ಟಿಯ ಹಿಂದೆ ಬರೆದಿರುವ ಹೆಸರು ಓದಿಸಿ" ಎಂದು ಹಾಕಿ. ಬರಿಯ ಪ್ಯಾರಸಿಟಮಾಲ್ ಪರವಾಗಿಲ್ಲ.

ಎರಡನೆಯದು ಬಿಪಿ ಗುಳಿಗೆ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಶುರುವಾದ ಮೇಲೆ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಅದನ್ನು ಕಂಡು ಹೆದರಿ ಅಂಗಡಿಯಲ್ಲೇ ನಿಲ್ಲಿಸಿಬಿಡುತ್ತಾರೆ. ಶೇ. 30ರವರೆಗಿನ ಏರಿಕೆ ನಿರೀಕ್ಷಿತ. 2ರಿಂದ 4 ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಶಿಯಂ ಎರಡನ್ನೂ ನೋಡಿ ಮುಂದುವರಿಸಬೇಕು. ಶುಗರ್‌ಗೆ ಕೊಡುವ ಡಪಾಗ್ಲಿಫ್ಲೋಜಿನ್ 10 ಮಿ.ಗ್ರಾಂ ಶುಗರ್ ಇಲ್ಲದ ಕಿಡ್ನಿ ರೋಗಿಗಳಲ್ಲೂ ಇಳಿಕೆಯನ್ನು ನಿಧಾನ ಮಾಡುತ್ತದೆ, ಇಜಿಎಫ್‌ಆರ್ 20ರ ಮೇಲಿದ್ದಾಗ ಶುರು ಮಾಡುತ್ತಾರೆ. 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ಅಗ್ಗವಾಗಿದೆ. ಶುಗರ್ ಗುಳಿಗೆ ಮೆಟ್‌ಫಾರ್ಮಿನ್ ಇಜಿಎಫ್‌ಆರ್ 45ರ ಕೆಳಗೆ ಅರ್ಧ, 30ರ ಕೆಳಗೆ ಬಂದ್.

ವಾಂತಿ-ಭೇದಿ ಹತ್ತಿದ ದಿನ ಟೆಲ್ಮಿಸಾರ್ಟನ್, ರಾಮಿಪ್ರಿಲ್, ಡಪಾಗ್ಲಿಫ್ಲೋಜಿನ್, ಮೆಟ್‌ಫಾರ್ಮಿನ್, ನೀರಿನ ಗುಳಿಗೆ (ಮೂತ್ರ ಹೆಚ್ಚಿಸುವುದು) ಇವನ್ನು ತಡೆಹಿಡಿಯುವುದು, ಸರಿಯಾಗಿ ಊಟ ಸೇರಿ ಒಂದೆರಡು ದಿನವಾದ ಮೇಲೆ ಮತ್ತೆ ಶುರು. ಪ್ರತಿ ರೋಗಿಗೂ ಅವರ ಡಾಕ್ಟರೇ ಆ ಹೆಸರುಗಳನ್ನು ಮುಂಚಿತವಾಗಿ ಗುರುತು ಹಾಕಿಕೊಡಬೇಕು. ಹಾಳೆಯಲ್ಲಿ ಜಾಗ ಬಿಡಿ.

ಅರಬ್ಬೀಗಾಳಿ:
ಓಆರ್‌ಎಸ್‌ನಲ್ಲಿ ಪೊಟ್ಯಾಶಿಯಂ ಇದೆಯಲ್ಲ, ಅದನ್ನೂ ನಿಲ್ಲಿಸಬೇಕಾ?

ಗುಳಿಗೆಡಬ್ಬಿ:
ಬೇಡ. ಭೇದಿಯಲ್ಲಿ ಪೊಟ್ಯಾಶಿಯಂ ಹೊರಗೂ ಹೋಗುತ್ತಿರುತ್ತದೆ. ಆ ಹೊತ್ತಿಗೆ ದೊಡ್ಡ ಶತ್ರು ಒಣಗುವುದು. ಒಂದು ಪೊಟ್ಟಣಕ್ಕೆ ಅದರ ಮೇಲೆ ಬರೆದಷ್ಟೇ ನೀರು, ಗುಟುಕು ಗುಟುಕಾಗಿ. ಮೂತ್ರ ನಿಂತರೆ, ಮರುದಿನವೂ ವಾಂತಿ ಇದ್ದರೆ ಮನೆಯಲ್ಲಿ ಕೂರಬೇಡಿ.

ಒಂದು ಮಾತು ಬಿಟ್ಟುಹೋಯಿತು. ಶುಗರ್ ಇದ್ದವರಿಗೆ "ಈಗ ಶುಗರ್ ತಾನಾಗಿಯೇ ಕಮ್ಮಿಯಾಯಿತು, ಇನ್ಸುಲಿನ್ ಅರ್ಧ ಸಾಕಾಗುತ್ತಿದೆ" ಎಂಬ ಖುಷಿ ಬರುವ ಒಂದು ಕಾಲ ಇದೆ. ಅದು ಕೆಟ್ಟ ಸುದ್ದಿ. ಇನ್ಸುಲಿನ್ನನ್ನು ಒಡೆದು ಹೊರಹಾಕುವುದರಲ್ಲಿ ಕಿಡ್ನಿಗೂ ಪಾಲಿದೆ. ಆ ಕೆಲಸ ನಿಂತಾಗ ಹಾಕಿದ್ದು ಮೈಯಲ್ಲೇ ಉಳಿಯುತ್ತದೆ. ಗ್ಲಿಬೆನ್‌ಕ್ಲಮೈಡ್ ಎಂಬ ಶುಗರ್ ಗುಳಿಗೆ ತೆಗೆದುಕೊಳ್ಳುವವರು ರಾತ್ರಿ ಶುಗರ್ ಇಳಿದು ಎಚ್ಚರ ತಪ್ಪುವುದು ಈ ಹಂತದಲ್ಲೇ.

ಜೋಳದತೆನೆ:
ಪುಣೆಯಿಂದ, ಆಹಾರದ ಬಗ್ಗೆ. "ಉಪ್ಪು ಕಡಿಮೆ ಮಾಡಿ" ಎಂಬುದಕ್ಕೆ ಅಳತೆ ಇಲ್ಲ. ದಿನಕ್ಕೆ ಒಬ್ಬರಿಗೆ 5 ಗ್ರಾಂ. ಯಾರೂ ತೂಗುವುದಿಲ್ಲ, ಆದ್ದರಿಂದ ಪ್ಯಾಕೆಟ್ ಲೆಕ್ಕ ಕೊಡಿ: ನಾಲ್ಕು ಜನರ ಮನೆಯಲ್ಲಿ ಒಂದು ಕಿಲೋ ಉಪ್ಪು 50 ದಿನ ಬರಬೇಕು. ಪ್ಯಾಕೆಟ್ ಒಡೆದ ತಾರೀಖನ್ನು ಅದರ ಮೇಲೇ ಬರೆದರೆ ಮುಗಿಯಿತು. ಒಣಮೀನು, ಹಪ್ಪಳ, ಉಪ್ಪಿನಕಾಯಿ ಈ ಲೆಕ್ಕದ ಹೊರಗೆ, ಅವಿದ್ದರೆ ಪ್ಯಾಕೆಟ್ ಇನ್ನೂ ತಡವಾಗಿ ಮುಗಿಯಬೇಕು. "ಕಡಿಮೆ ಸೋಡಿಯಂ" ಎಂದು ಮಾರುವ ಉಪ್ಪು ಇವರಿಗೆ ಬೇಡವೇ ಬೇಡ, ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಶಿಯಂ ಕ್ಲೋರೈಡ್ ಹಾಕಿರುತ್ತಾರೆ.

ಬೇಳೆ-ಮೊಟ್ಟೆ ಬಿಡಿ ಎಂದು ದಯವಿಟ್ಟು ಬರೆಯಬೇಡಿ. ಕಿಲೋ ತೂಕಕ್ಕೆ 0.8 ಗ್ರಾಂ ಪ್ರೋಟೀನ್ ಎಂದರೆ 55 ಕಿಲೋದವರಿಗೆ 44 ಗ್ರಾಂ. ಮೂರು ಜೋಳದ ರೊಟ್ಟಿ (150 ಗ್ರಾಂ ಹಿಟ್ಟು) 15, ನೂರು ಗ್ರಾಂ ಅಕ್ಕಿಯ ಅನ್ನ 7, ನಲವತ್ತು ಗ್ರಾಂ ತೊಗರಿಬೇಳೆ 9, ಒಂದು ಮೊಟ್ಟೆ 6. ಒಟ್ಟು 37. ಕೂಲಿಯವರ ತಟ್ಟೆಯಲ್ಲಿ ತೆಗೆಯುವುದಕ್ಕೆ ಏನೂ ಇಲ್ಲ, ಒಂದು ಮೀನಿನ ತುಂಡು ಸೇರಿಸಲು ಜಾಗವಿದೆ. ಹಣ್ಣು, ಎಳನೀರು, ಸೊಪ್ಪು ನಿಲ್ಲಿಸುವುದು ಪೊಟ್ಯಾಶಿಯಂ ಏರಿದವರಿಗೆ ಮಾತ್ರ. ಆಗ ತರಕಾರಿ ಸಣ್ಣಗೆ ಹೆಚ್ಚಿ, ಹೆಚ್ಚು ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಬೇಕು. ಅದರಲ್ಲೇ ಸಾರು ಮಾಡಿದರೆ ಉಪಯೋಗವಿಲ್ಲ.

ಕರಾವಳಿಗೆ ಎರಡು ಹೆಸರು ಬೇರೆ: ದಾರೆಹುಳಿ, ಬಿಂಬುಳಿ. ಅಡ್ಡ ಕೊಯ್ದರೆ ನಕ್ಷತ್ರ ಕಾಣುವ ದಾರೆಹುಳಿಯಲ್ಲಿ ಮಿದುಳು-ನರಮಂಡಲಕ್ಕೆ ವಿಷವಾಗುವ ಅಂಶವಿದೆ. ಗಟ್ಟಿ ಕಿಡ್ನಿ ಅದನ್ನು ಹೊರಹಾಕುತ್ತದೆ, ಸೋತ ಕಿಡ್ನಿಗೆ ಆಗದು. ಮೊದಲು ಬಿಡದ ಬಿಕ್ಕಳಿಕೆ, ಆಮೇಲೆ ಗೊಂದಲ, ಫಿಟ್ಸ್. ಒಂದು ಹಣ್ಣೂ ಬೇಡ. ಬಿಂಬುಳಿ ರಸವನ್ನು ಕೊಲೆಸ್ಟ್ರಾಲ್‌ಗೆ ಮದ್ದು ಎಂದು ಲೋಟಗಟ್ಟಲೆ ಕುಡಿದರೆ ಅದರ ಆಕ್ಸಲೇಟ್ ಹರಳು ಕಿಡ್ನಿಯೊಳಗೇ ಕೂರುತ್ತದೆ.

ಕಾಣಕೋಣ_ಕ್ಷೇತ್ರ:
ನೀರಿನ ಸಾಲು ಏನು ಮಾಡಲಿ?

ಮೂತ್ರಕೋಶವಲ್ಲ_ಮೂತ್ರಪಿಂಡ:
"ನೀರು ಕುಡಿದಷ್ಟೂ ಕಿಡ್ನಿ ತೊಳೆಯುತ್ತದೆ" ಎಂಬುದು ಪಾತ್ರೆ ತೊಳೆಯುವವರ ತರ್ಕ. ಕೆನಡಾದಲ್ಲಿ ಮೂರನೇ ಹಂತದವರಿಗೆ ಹೆಚ್ಚು ನೀರು ಕುಡಿಸಿ ನೋಡಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು, ವರ್ಷದ ಕೊನೆಗೆ ಇಳಿಕೆಯಲ್ಲಿ ಪ್ರಯೋಜನ ಕಾಣಲಿಲ್ಲ. ಆದರೆ ಬಿಸಿಲಲ್ಲಿ ಗಾರೆ ಕಲಸುವವನು ಒಣಗಬಾರದು, ಅದು ಬೇರೆ ಮಾತು. ಹೀಗೆ ಬರೆಯಿರಿ: ಬಿಸಿಲ ಕೆಲಸದಲ್ಲಿ ಬಾಯಾರುವ ಮುಂಚೆ ನೀರು, ನೆರಳಲ್ಲಿ ಬಿಡುವು, ಕಾಲು ಊದಿದ್ದರೆ, ಉಸಿರು ಕಟ್ಟಿದರೆ ಡಾಕ್ಟರು ಹೇಳಿದ ಅಳತೆ.

ಬೆಳ್ಳಿಸೂಜಿ:
ಹೆಪಟೈಟಿಸ್ ಬಿ ಲಸಿಕಿ ಯಾರೂ ಹೇಳ್ಲಿಲ್ಲ. ಕಿಡ್ನಿ ಮಂದಿಗೆ ದುಪ್ಪಟ್ಟು ಡೋಸ್, 40 ಮೈಕ್ರೋಗ್ರಾಂ, 0, 1, 2, 6 ತಿಂಗಳಿಗೆ. ಅಂದ್ರ ಆರು ತಿಂಗಳ ಕೆಲಸ. ಕಡೀ ಸೂಜಿ ಆಗಿ ಒಂದೆರಡು ತಿಂಗಳಿಗೆ ಆಂಟಿಬಾಡಿ ನೋಡಸ್ರಿ, 10ರ ಮ್ಯಾಲ ಬರ್ಬೇಕು. ಕಿಡ್ನಿ ಇನ್ನೂ ಸ್ವಲ್ಪ ಗಟ್ಟಿ ಇದ್ದಾಗ ಹಾಕಿದ್ರ ಚೊಲೋ ಹತ್ತತೈತಿ.

ಮತ್ತ ರಕ್ತ ಕಮ್ಮಿ ಐತಿ ಅಂತ ಬಾಟ್ಲಿ ರಕ್ತ ಏರಿಸಾಕ ಅವಸರ ಮಾಡಬ್ಯಾಡ್ರಿ. ಬ್ಯಾರೆಯವರ ರಕ್ತ ಹೋದಷ್ಟೂ ಮೈಯಾಗ ವಿರೋಧಿ ಕಣ ಹುಟ್ಟಿ, ಮುಂದ ಕಿಡ್ನಿ ಕಸಿಗೆ ಹೊಂದೂದು ಕಷ್ಟ ಆಗತೈತಿ. ಫೆರಿಟಿನ್ (ಮೈಯಾಗಿನ ಕಬ್ಬಿಣದ ಸಂಗ್ರಹ) ನೋಡಿ ಕಬ್ಬಿಣ, ಆಮ್ಯಾಲ ರಕ್ತ ಹುಟ್ಟಸೂ ಎರಿಥ್ರೊಪೊಯೆಟಿನ್ ಸೂಜಿ. ಜೀವಕ್ಕ ಬಂದಾಗಿನ ಮಾತು ಬ್ಯಾರೆ.

ಅರಬ್ಬೀಗಾಳಿ:
ದೂರದವರಿಗೆ ಹೊಟ್ಟೆಯ ಡಯಾಲಿಸಿಸ್ ಒಳ್ಳೆಯದಲ್ಲವೇ? ವಾರಕ್ಕೆ ಮೂರು ಸಲ ಎಂದರೆ ವರ್ಷಕ್ಕೆ 156 ಓಡಾಟ.

ಬೆಳ್ಳಿಸೂಜಿ:
ಓಡಾಟ ಉಳಿತೈತಿ, ಖರೆ. ಆದ್ರ ಚೀಲದ ತೂಕ ಲೆಕ್ಕ ಹಾಕ್ರಿ. ಹೊಟ್ಟಿಗೆ ತುಂಬೂ ದ್ರವದ 2 ಲೀಟರ್ ಚೀಲ, ದಿನಕ್ಕ 4, ತಿಂಗಳಿಗೆ 120 ಚೀಲ, 240 ಕಿಲೋ. ರಸ್ತೆ ಮುಗಿದ ಮ್ಯಾಲ ಮನಿತನ ಹೊರಾವ್ರು ಯಾರು, ಮಳಿಗಾಲದಾಗ ಒಣಗಿದ ಜಾಗ ಎಲ್ಲೈತಿ, ಇದನ್ನ ಮೊದಲು ಕೇಳ್ರಿ. ಬಾಗಿಲು ಹಾಕ್ಕೊಂಡು, ಫ್ಯಾನ್ ಬಂದ್ ಮಾಡಿ, ಕೈ ತೊಳಕೊಂಡು ಮಾಡೂವಂಥ ಒಂದು ಮೂಲಿ ಬೇಕು. ಹೊರಗ ಬಂದ ನೀರು ಮಸುಕಾತು ಅಂದ್ರ ಅದು ಹೊಟ್ಟಿಯೊಳಗಿನ ನಂಜು, ಆ ಚೀಲ ಹಿಡಕೊಂಡ ಅವತ್ತ ಆಸ್ಪತ್ರಿಗೆ ಹೋಗ್ಬೇಕು. ಸ್ವಂತ ಮನಿ ಇದ್ದವರಿಗೆ ಚೊಲೋ. ಸೈಟ್ ಶೆಡ್ಡಿನ್ಯಾಗ ಇರಾವ್ರಿಗೆ ಆಗೂದಿಲ್ಲ.

ಜೋಳದತೆನೆ:
ಕಾಗದಪತ್ರಕ್ಕೂ ಹಾಳೆಯಲ್ಲಿ ಜಾಗ ಇರಲಿ. ಗೋವಾದ ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಕಾರ್ಡಿಗೆ ರಾಜ್ಯದಲ್ಲಿ 5 ವರ್ಷ ವಾಸವಿರಬೇಕು. ಹೊಸದಾಗಿ ಬಂದವರಿಗೆ ಅದು ಸಿಗದು. ಊರಿನ ಬಿಪಿಎಲ್ ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಆಧಾರ್‌ನಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಇಜಿಎಫ್‌ಆರ್ 30ರ ಹಂತದಲ್ಲೇ ನೋಡಬೇಕು. ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಅಡ್ಡಹೆಸರು ಇದ್ದರೆ ತಿದ್ದಿಸಲು ಊರಿಗೇ ಹೋಗಬೇಕಾಗುತ್ತದೆ.

ಕಾಣಕೋಣ_ಕ್ಷೇತ್ರ:
ಹೊಸ ಕರಡು: ಮುಂಬದಿಯಲ್ಲಿ ಇಜಿಎಫ್‌ಆರ್ ಪಟ್ಟಿ, ಕೈಚಿತ್ರ, "30: ಕೈ ಕಾಯಿರಿ, ಲಸಿಕೆ, ಕಾಗದ, 25: ಡಾಕ್ಟರ ಜೊತೆ ಮಾತು, 20: ವೇಗವಾಗಿ ಇಳಿಯುವವರಿಗೆ ಫಿಸ್ಟುಲಾ." ಹಿಂಬದಿಯಲ್ಲಿ ಭೇದಿ ದಿನದ ಗುಳಿಗೆ, ಉಪ್ಪಿನ ಪ್ಯಾಕೆಟ್, ದಾರೆಹುಳಿ.

ಬೆಳ್ಳಿಸೂಜಿ:
ಫಿಸ್ಟುಲಾ ಆದವರಿಗೆ ಎರಡು ಸಾಲು ಸೇರಸ್ರಿ. ದಿನಾ ಮುಂಜಾನಿ ಆ ಕೈ ಮ್ಯಾಲ ಬೆರಳಿಟ್ಟು ನೋಡ್ರಿ, ಬೆಕ್ಕು ಗುರುಗುಟ್ಟಿದಂಗ ಝುಂ ಅನ್ನಬೇಕು. ಆ ಕೈಗೆ ಬಿಪಿ ಪಟ್ಟಿ, ಬಿಗಿ ಬಳಿ, ವಾಚ್ ಬ್ಯಾಡ, ತಲಿಗೆ ಕೊಟ್ಟು ಮಲಗೂದೂ ಬ್ಯಾಡ. ಝುಂ ನಿಂತ್ರ ಅವತ್ತ ಫೋನ್ ಮಾಡ್ರಿ, ಮುಂದಿನ ಓಪಿಡಿ ತಾರೀಖಿನತನ ಕಾಯಬ್ಯಾಡ್ರಿ. ಒಂದೆರಡು ದಿನದಾಗ ಹೋದ್ರ ಹೆಪ್ಪು ತಗದು ಉಳಿಸಬಹುದು. ಫೋನ್ ನಂಬರ್ ಬರಿಯಾಕ ಅಲ್ಲೇ ಕೈಚಿತ್ರದ ಬಾಜೂಕ ಜಾಗ ಬಿಡ್ರಿ, ಹಿಂಬದಿಗೆ ಹಾಕಬ್ಯಾಡ್ರಿ.